ಭಂಗಾರಿನ ಲೆಕ್ಕ

ಜುಲೈ ತಿಂಗಳು. ಮಳೆ ಅರ್ಧ ಗಂಟೆ ಬಿಡುವು ಕೊಟ್ಟಿತ್ತು. ಕುರ್ಲಾದ ಎಲ್‌ಬಿಎಸ್ ಮಾರ್ಗದ ಬದಿಯ ಒಂದು ಟೈರ್ ಅಂಗಡಿಯಲ್ಲಿ ನನ್ನ ಕಾರಿನ ಮುಂದಿನ ಎರಡು ಟೈರು ಬದಲಿಸುತ್ತಿದ್ದರು. ಹುಡುಗ ಜಾಕ್ ಏರಿಸಿ, ಗಾಲಿ ಬಿಚ್ಚಿ, ಸಲಾಕೆ ತೂರಿಸಿ ರಿಮ್ಮಿನಿಂದ ಹಳೆ ಟೈರನ್ನು ಕಿತ್ತು, ತಿರುಗಿಯೂ ನೋಡದೆ ಕಾಲಿನಿಂದಲೇ ಪಕ್ಕಕ್ಕೆ ಉರುಳಿಸಿದ. ಅಲ್ಲಿ ಆಗಲೇ ಆಳೆತ್ತರದ ರಾಶಿ. ಅಂಚಿನಲ್ಲಿದ್ದ ಒಂದು ಟೈರಿನ ಒಳಸುತ್ತಿನಲ್ಲಿ ಲೋಟದಷ್ಟು ಮಳೆನೀರು ನಿಂತಿತ್ತು. ಬಗ್ಗಿ ನೋಡಿದರೆ ದಾರದ ತುಂಡುಗಳಂಥ ಸೊಳ್ಳೆಮರಿಗಳು ಕೊಕ್ಕೆಯಂತೆ ಬಾಗುತ್ತ, ಬಿಚ್ಚಿಕೊಳ್ಳುತ್ತ ಮೇಲೆ ಕೆಳಗೆ ಆಡುತ್ತಿದ್ದವು. ಬಿಲ್ ಬರೆಯುವ ಹೊತ್ತಿಗೆ ಮಾಲೀಕ ಕೇಳಿದ: “ಪುರಾನಾ ಛೋಡ್ ಕೇ ಜಾವೋಗೇ ನಾ, ಅಣ್ಣಾ?” ಹೂಂ ಎಂದೆ. ಜೋಡಿಗೆ ಇನ್ನೂರು ರೂಪಾಯಿ ಕಡಿಮೆ ಮಾಡಿದ.

ಊರಿಂದ ಮುಂಬಯಿಗೆ ಹೊಸದಾಗಿ ಬಂದ ಕನ್ನಡಿಗರಿಗೆ ಬೆಳಗ್ಗೆ ಗಲ್ಲಿಯಲ್ಲಿ ‘ಭಂಗಾರ್‌ವಾಲೇ’ ಎಂಬ ಕೂಗು ಕೇಳಿದರೆ, ಈ ಚಾಳಿನಲ್ಲಿ ದಿನಾ ಬಂಗಾರ ಕೊಳ್ಳಲು ಬರುವವನು ಯಾರಪ್ಪಾ ಎನಿಸುತ್ತದೆ. ನನಗೂ ಎನಿಸಿತ್ತು. ಗುಜರಿಗೆ ಈ ಊರಿನ ಹೆಸರು ಭಂಗಾರ್ ಎಂದು ತಿಳಿಯಲು ಎರಡು ದಿನ ಬೇಕಾಯಿತು. ಆದರೆ ಆ ತಪ್ಪು ತಿಳಿವಳಿಕೆಯಲ್ಲೂ ಅಷ್ಟೋ ಇಷ್ಟೋ ನಿಜವಿದೆ. ಇಲ್ಲಿ ಹಳೆಯದಕ್ಕೆ ಬೆಲೆಯಿದೆ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಟೈರು ಕೊಂಡವರು ಒಂದೊಂದಕ್ಕೆ 1.75 ಡಾಲರ್ ಶುಲ್ಕ ತೆರುತ್ತಾರೆ. ನ್ಯೂಜಿಲೆಂಡಿನಲ್ಲಿ 2024ರ ಮಾರ್ಚ್‌ನಿಂದ ಸಾಮಾನ್ಯ ಕಾರಿನ ಟೈರಿಗೆ ಅಲ್ಲಿಯ 6.65 ಡಾಲರ್, ಮೇಲೆ ತೆರಿಗೆ ಬೇರೆ. ಅಲ್ಲಿ ಸವೆದ ಟೈರು ಹೊರೆ, ಅದನ್ನು ಇಳಿಸಿಕೊಳ್ಳಲು ದುಡ್ಡು ಕೊಡಬೇಕು. ಇಲ್ಲಿ ಸವೆದ ಟೈರು ಸರಕು, ಬಿಟ್ಟು ಬಂದರೆ ದುಡ್ಡು ಸಿಗುತ್ತದೆ. ಹಾಗಿದ್ದ ಮೇಲೆ ಮುಂಬಯಿಯ ಗಿರಾಕಿಯ ಬಿಲ್ಲಿನಲ್ಲಿ ‘ಹಳೆ ಟೈರಿನ ವಿಲೇವಾರಿಗೆ ಇಷ್ಟು’ ಎಂದು ಒಂದು ಸಾಲು ಸೇರಿಸಬೇಕೆಂಬ ಮಾತಿಗೆ ಅರ್ಥವಿದೆಯೇ?

ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನಲು ನನಗೆ ಆಗಿಲ್ಲ. ಆ ಇನ್ನೂರು ರೂಪಾಯಿ ಎಲ್ಲಿಂದ ಬಂತು ಎಂದು ಜಾಡು ಹಿಡಿದು ಹೋದರೆ ಲೆಕ್ಕ ತಲೆಕೆಳಗಾಗುತ್ತದೆ.

ಅಂಗಡಿಯ ರಾಶಿ ವಾರಕ್ಕೊಮ್ಮೆ ಟೆಂಪೊ ಹತ್ತುತ್ತದೆ. ಸ್ವಲ್ಪ ಜೀವ ಉಳಿದ ಟೈರುಗಳು ರೀಟ್ರೆಡಿಂಗಿಗೆ ಅಥವಾ ಸೆಕೆಂಡ್‌ಹ್ಯಾಂಡ್ ಮಾರಾಟಕ್ಕೆ. ಕೆಲವು ಭಾವುಚಾ ಧಕ್ಕಾ, ಸಸೂನ್ ಡಾಕ್‌ಗಳಲ್ಲಿ ದೋಣಿಯ ಪಕ್ಕೆಗೆ ಹಗ್ಗದಲ್ಲಿ ನೇತಾಡಿ ಪೆಟ್ಟು ತಿನ್ನುವ ಕೆಲಸಕ್ಕೆ. ಮೊಗವೀರರಿಗೆ ಈ ಟೈರಿನ ಉಪಯೋಗ ಯಾವ ಪರಿಸರ ಇಲಾಖೆಯೂ ಹೇಳಿಕೊಟ್ಟದ್ದಲ್ಲ. ಇನ್ನು ಕೆಲವು, ಜೋಪಡಿಗಳ ಮೇಲಿನ ನೀಲಿ ತಾಡಪತ್ರಿ ಗಾಳಿಗೆ ಹಾರದಂತೆ ಒತ್ತಿ ಕೂರುತ್ತವೆ. ಉಳಿದವನ್ನು ಪುಡಿ ಮಾಡುವವರಿದ್ದಾರೆ. ಆ ರಬ್ಬರ್ ಪುಡಿ ಡಾಂಬರಿನೊಡನೆ ಬೆರೆತು ರಸ್ತೆಗೂ ಹೋಗುತ್ತದೆ. ಇನ್ನು ದೊಡ್ಡದೊಂದು ಪಾಲು ಹೋಗುವುದು ಬೇಯಿಸುವವರ ಬಳಿಗೆ.

ಬೇಯಿಸುವುದು ಎಂದೆ, ಕೆಲಸ ನಿಜಕ್ಕೂ ಅದೇ. ಪೈರೋಲಿಸಿಸ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಒಂದು ಉಕ್ಕಿನ ಹಂಡೆ. ಅದರೊಳಗೆ ಟೈರು ತುಂಬಿ, ಬಾಯಿ ಮುಚ್ಚಿ, ಗಾಳಿ ಸೋಕದಂತೆ ನಾನೂರು ಐನೂರು ಡಿಗ್ರಿಗೆ ಕಾಯಿಸಿದರೆ ರಬ್ಬರು ಮುರಿದು ಆವಿಯಾಗುತ್ತದೆ. ತಣಿಸಿದರೆ ಎಣ್ಣೆ. ತಳದಲ್ಲಿ ಮಸಿಯಂಥ ಕರಿಪುಡಿ, ಜೊತೆಗೆ ಉಕ್ಕಿನ ತಂತಿ. ಎಣ್ಣೆಯನ್ನು ಬಾಯ್ಲರಿಗೆ, ಕುಲುಮೆಗೆ ಕೊಳ್ಳುತ್ತಾರೆ. ತಂತಿಗೆ ಭಂಗಾರಿನಲ್ಲಿ ಬೆಲೆಯಿದೆ. ಕರಿಪುಡಿಗೂ ಗಿರಾಕಿಯುಂಟು. ಏನೂ ವ್ಯರ್ಥವಲ್ಲ ಎಂದು ಹೇಳಲು ಚೆನ್ನಾಗಿದೆ. ಆದರೆ ಹೊಗೆ ಸೋಸುವ, ಪುಡಿ ಹಾರದಂತೆ ತಡೆಯುವ, ಹಂಡೆ ತಣಿಯುವ ಮುಂಚೆ ಬಾಗಿಲು ತೆರೆಯದಂತೆ ನೋಡಿಕೊಳ್ಳುವ ಯಂತ್ರಗಳಿಗೆ ಖರ್ಚಿದೆ. ಆ ಖರ್ಚು ಮಾಡದವನು ಭಂಗಾರಿನವನಿಗೆ ಹೆಚ್ಚು ಬೆಲೆ ಕೊಡಬಲ್ಲ. 2019ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದಿದ್ದ ಲೆಕ್ಕದ ಪ್ರಕಾರ 19 ರಾಜ್ಯಗಳಲ್ಲಿ ಇಂಥ 637 ಘಟಕಗಳಿದ್ದವು. ಅವುಗಳಲ್ಲಿ 270 ನಿಯಮ ಪಾಲಿಸುತ್ತಿರಲಿಲ್ಲ.

ಮುಂಬಯಿಯವರಿಗೆ ಇದು ಎಲ್ಲೋ ದೂರದ ಸಂಗತಿಯಲ್ಲ. ಪಾಲ್ಘರ್ ಜಿಲ್ಲೆಯ ವಾಡಾ ತಾಲೂಕು ಇಲ್ಲಿಂದ ಎರಡು ಮೂರು ಗಂಟೆಯ ದಾರಿ. ನಮ್ಮ ಅಡುಗೆಮನೆಗೆ ಆ ಹೆಸರು ಚೆನ್ನಾಗಿ ಗೊತ್ತು. ವಾಡಾ ಕೋಲಂ ಅಕ್ಕಿ, 2021ರಲ್ಲಿ ಜಿಐ ಮುದ್ರೆ ಪಡೆದದ್ದು, ಅಲ್ಲಿಯದೇ. ಅದೇ ತಾಲೂಕಿನಲ್ಲಿ ಟೈರು ಬೇಯಿಸುವ ಘಟಕಗಳೂ ಇವೆ. 2025ರ ಜನವರಿಯಲ್ಲಿ ಅಂಥ ಒಂದು ಘಟಕದಲ್ಲಿ ಸ್ಫೋಟವಾಗಿ ಇಬ್ಬರು ಮಹಿಳೆಯರು, ಇಬ್ಬರು ಮಕ್ಕಳು ಸತ್ತರು. ಆಮೇಲೆ ಏಳು ಘಟಕಗಳನ್ನು ಮುಚ್ಚಿಸಿದರು. ಸುತ್ತಲಿನ ಊರಿನವರು ಕೆಮ್ಮು, ಕಣ್ಣುರಿ, ಗಿಡದ ಎಲೆಯ ಮೇಲೆ ಕೂರುವ ಮಸಿಯ ಬಗ್ಗೆ ಹೇಳಿಕೊಂಡರು.

ಅಂದ ಮೇಲೆ ಕುರ್ಲಾದಲ್ಲಿ ನನಗೆ ಸಿಕ್ಕ ಇನ್ನೂರು ರೂಪಾಯಿ ಟೈರಿನ ಬೆಲೆ ಅಷ್ಟೇ ಅಲ್ಲ. ಅದರಲ್ಲಿ ಒಂದಿಷ್ಟು, ಯಾವನೋ ಒಬ್ಬ ಮಾಡದೆ ಉಳಿಸಿದ ಖರ್ಚು. ಶುಲ್ಕದ ಪರ ಇರುವವರ ವಾದದಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು ಇದು. ಟೈರಿಗೆ ಬೆಲೆಯಿದೆ, ಹಾಗಾಗಿ ವಿಲೇವಾರಿ ತಾನಾಗಿ ನಡೆಯುತ್ತದೆ ಎನ್ನುವಾಗ ನಾವು ಯಾರ ವಿಲೇವಾರಿಯ ಬಗ್ಗೆ ಮಾತಾಡುತ್ತಿದ್ದೇವೆ ಎಂದು ಕೇಳಿಕೊಳ್ಳುವುದಿಲ್ಲ. ಸರಿಯಾಗಿ ಬೇಯಿಸುವವನು, ಕೆಟ್ಟದಾಗಿ ಬೇಯಿಸುವವನು ಇಬ್ಬರೂ ಒಂದೇ ರಾಶಿಗೆ ಬೆಲೆ ಕೂಗಿದರೆ ಕೆಟ್ಟವನೇ ಗೆಲ್ಲುತ್ತಾನೆ. ಒಳ್ಳೆಯವನಿಗೆ ಕಡಿಮೆ ಬೀಳುವ ಆ ನೂರಿನ್ನೂರನ್ನು ಯಾರಾದರೂ ತುಂಬಿಕೊಡಬೇಕು. ಟೈರನ್ನು ಓಡಿಸಿ ಸವೆಸಿದವನು ತುಂಬದೆ ಇನ್ಯಾರು ತುಂಬಬೇಕು?

ಕೈಗೆಟುಕದಷ್ಟು ದೊಡ್ಡ ಮೊತ್ತವೂ ಅಲ್ಲ ಎನ್ನುತ್ತಾರೆ ಅವರು. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಐದು ಸಾವಿರದ ಟೈರಿಗೆ 1,400 ರೂಪಾಯಿ ಇದ್ದ ತೆರಿಗೆ 900 ಆಯಿತು, ಐನೂರು ಉಳಿಯಿತು. ನ್ಯೂಜಿಲೆಂಡಿನ ಶುಲ್ಕವನ್ನು ನಮ್ಮ ರೂಪಾಯಿಗೆ ತಿರುಗಿಸಿದರೂ ಅಷ್ಟಾಗುವುದಿಲ್ಲ. ಜೊತೆಗೆ ಸೊಳ್ಳೆಯ ಲೆಕ್ಕ ಬೇರೆ. ಮುಂಬಯಿ ಪಾಲಿಕೆಯ ಕೀಟನಾಶಕ ವಿಭಾಗದವರು ಪ್ರತಿ ಮಳೆಗಾಲದ ಮುಂಚೆ ಮಾಳಿಗೆ, ಗ್ಯಾರೇಜು, ಸೊಸೈಟಿಯ ಮೂಲೆಗಳಿಂದ ಟೈರು ಎತ್ತಿಸುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಟೈರಿಗಿಂತ ಒಳ್ಳೆಯ ತೊಟ್ಟಿಲಿಲ್ಲ: ಒಳಗೆ ಕತ್ತಲು, ತಂಪು, ಕದಲದ ನೀರು. ಅದರ ಬಳಗದ ಹುಲಿಸೊಳ್ಳೆ 1985ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೇರೂರಿದ್ದು ಕಂಡಾಗ, ಏಷ್ಯಾದಿಂದ ಹಡಗಿನಲ್ಲಿ ಬಂದ ಹಳೆ ಟೈರುಗಳೇ ಅದನ್ನು ಹೊತ್ತು ತಂದವು ಎಂದು ತಿಳಿಯಿತು. ಪಾಲಿಕೆ ಎತ್ತಿಸುವ ಟೈರಿನ ಖರ್ಚು ಟೈರಿಲ್ಲದವರ ತೆರಿಗೆಯಿಂದಲೂ ಹೋಗುತ್ತದೆ. ಲೋಕಲ್ ರೈಲಿನಲ್ಲಿ ನಿಂತುಕೊಂಡು ಹೋಗುವ ಮುಂಬಯಿಯ ಗುಮಾಸ್ತ ನನ್ನ ಕಾರಿನ ಸೊಳ್ಳೆಗೆ ಏಕೆ ದುಡ್ಡು ಕೊಡಬೇಕು?

ಇನ್ನು ಆ ಕಡೆಯ ಮಾತು. ಅದೂ ಹಗುರವಲ್ಲ.

ಮೊದಲನೆಯದಾಗಿ, ನಾವು ಆಗಲೇ ಕೊಡುತ್ತಿದ್ದೇವೆ. 2022ರ ಜುಲೈ 21ರಂದು ಕೇಂದ್ರ ಸರ್ಕಾರ ಅಪಾಯಕಾರಿ ತ್ಯಾಜ್ಯದ ನಿಯಮಗಳಿಗೆ ತಿದ್ದುಪಡಿ ತಂದು ಹಳೆ ಟೈರಿನ ಹೊಣೆಯನ್ನು ಟೈರು ಮಾಡುವ ಮತ್ತು ಆಮದು ಮಾಡುವ ಕಂಪನಿಗಳ ಹೆಗಲಿಗೆ ಹಾಕಿತು. 2022-23ರಲ್ಲಿ, 2020-21ರ ಉತ್ಪಾದನೆಯ ಶೇ 35. ಮರುವರ್ಷ ಶೇ 70. 2024-25ರಿಂದ, ಎರಡು ವರ್ಷದ ಹಿಂದೆ ಎಷ್ಟು ಮಾಡಿದ್ದರೋ ಅಷ್ಟೂ. ಕಂಪನಿಗಳು ಗಲ್ಲಿಗಲ್ಲಿಗೆ ಬಂದು ಟೈರು ಹೆಕ್ಕಬೇಕಿಲ್ಲ. ನೋಂದಾಯಿತ ಮರುಬಳಕೆಯವನು ತಾನು ಮಾಡಿದ ಕೆಲಸಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ಪ್ರಮಾಣಪತ್ರ ಪಡೆಯುತ್ತಾನೆ, ಕಂಪನಿ ಅದನ್ನು ಕೊಳ್ಳುತ್ತದೆ. ಟೈರನ್ನು ರೀಟ್ರೆಡ್ ಮಾಡಿದರೆ ಹೊಣೆ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಪೈರೋಲಿಸಿಸ್‌ಗಾಗಿ ಹಳೆ ಟೈರು ಆಮದು ಮಾಡುವಂತಿಲ್ಲ. ಕಾಗದದ ಮೇಲೆ ಇದು ಒಳ್ಳೆಯ ನಿಯಮ. ಪ್ರಮಾಣಪತ್ರ ಕೊಂಡ ದುಡ್ಡನ್ನು ಕಂಪನಿ ಎಲ್ಲಿಂದ ತರುತ್ತದೆ? ಟೈರಿನ ಬೆಲೆಯಿಂದ. ಅಂದರೆ ಶುಲ್ಕ ಬಿಲ್ಲಿನಲ್ಲಿ ಆಗಲೇ ಇದೆ, ಸಾಲಾಗಿ ಕಾಣಿಸುವುದಿಲ್ಲ ಅಷ್ಟೆ. ಅದರ ಮೇಲೆ ಇನ್ನೊಂದನ್ನು ಹೇರುವುದು ಒಂದೇ ಊಟಕ್ಕೆ ಎರಡು ಕೂಪನ್ ಹರಿದಂತೆ.

ಎರಡನೆಯದು, ವಸೂಲಿ ಮಾಡಿದ್ದು ಎಲ್ಲಿಗೆ ಹೋಗುತ್ತದೆ ಎಂಬ ಭಯ. ಇದು ಬರೀ ಗೊಣಗಾಟವಲ್ಲ, ಅನುಭವದಿಂದ ಬಂದದ್ದು. ಕೆನಡಾದ ಒಂಟಾರಿಯೊ 1989ರಲ್ಲಿ ಪ್ರತಿ ಹೊಸ ಟೈರಿಗೆ 5 ಡಾಲರ್ ತೆರಿಗೆ ಹಾಕಿತು. ಮರುವರ್ಷ ಫೆಬ್ರವರಿಯಲ್ಲಿ ಅದೇ ಪ್ರಾಂತ್ಯದ ಹ್ಯಾಗರ್ಸ್‌ವಿಲ್‌ನಲ್ಲಿ ಲಕ್ಷಾಂತರ ಟೈರುಗಳ ಗುಡ್ಡೆಗೆ ಬೆಂಕಿ ಬಿದ್ದು 17 ದಿನ ಉರಿಯಿತು. ತೆರಿಗೆಯ ದುಡ್ಡು ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಗುತ್ತಿತ್ತು. 1993ರಲ್ಲಿ ಅದನ್ನು ಕೈಬಿಟ್ಟರು. ನಮ್ಮಲ್ಲೇ ನೋಡಿ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಸ್ವಚ್ಛ ಇಂಧನ ಸೆಸ್ ಬಂತು. ಏರುತ್ತ ಏರುತ್ತ 2016ರಲ್ಲಿ 400 ಆಯಿತು. ಅದಕ್ಕೆಂದೇ ಇದ್ದ ನಿಧಿಯಲ್ಲಿ ದೊಡ್ಡ ಪಾಲು ಸ್ವಚ್ಛ ಇಂಧನಕ್ಕೆ ಖರ್ಚಾಗಲೇ ಇಲ್ಲ. 2017ರಲ್ಲಿ ಅದು ಜಿಎಸ್‌ಟಿ ಪರಿಹಾರದ ಸೆಸ್ಸಿನೊಳಗೆ ಕರಗಿತು. ಹೆಸರಿನಲ್ಲಿ ಪರಿಸರ, ಜೇಬಿನಲ್ಲಿ ಬಜೆಟ್ಟು.

ಮುಂಬಯಿಗರಿಗೆ ಇಷ್ಟು ಹಳೆಯ ಉದಾಹರಣೆಯೂ ಬೇಕಿಲ್ಲ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ಹಾಲಿನ ಪ್ಲಾಸ್ಟಿಕ್ ಚೀಲಕ್ಕೆ 50 ಪೈಸೆ ಹೆಚ್ಚು ತೆಗೆದುಕೊಂಡು, ಖಾಲಿ ಚೀಲ ತಂದವರಿಗೆ ಅದನ್ನು ಹಿಂದಿರುಗಿಸುವ ಯೋಜನೆ ಸಾರಿತ್ತು. ನನ್ನ ಹೆಂಡತಿ ಒಂದಿಷ್ಟು ದಿನ ಚೀಲಗಳನ್ನು ತೊಳೆದು, ಒಣಗಿಸಿ, ಗೊಂಚಲು ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಿದಳು. ಆ ಐವತ್ತು ಪೈಸೆಯನ್ನು ನಮ್ಮ ಮನೆ ಇದುವರೆಗೆ ನೋಡಿಲ್ಲ. 2025ರ ಏಪ್ರಿಲಿನಲ್ಲಿ ಪಾಲಿಕೆ ಮನೆಗಳ ಕಸಕ್ಕೆ ತಿಂಗಳಿಗೆ 100ರಿಂದ 1,000 ರೂಪಾಯಿಯವರೆಗೆ ಶುಲ್ಕದ ಕರಡು ನಿಯಮ ಹೊರಡಿಸಿ ಆಕ್ಷೇಪ ಕೇಳಿದಾಗ ವಿರೋಧ ಜೋರಾದದ್ದು ಸಹಜ. ಅದೇ ತಿಂಗಳು ಬೆಂಗಳೂರಿನಲ್ಲಿ ಕಸದ ಶುಲ್ಕವನ್ನು ಆಸ್ತಿ ತೆರಿಗೆಯ ಜೊತೆ ಸೇರಿಸಿದಾಗ ಅಲ್ಲಿಯ ಬಂಧುಗಳ ವಾಟ್ಸ್ಯಾಪ್ ಗುಂಪಿನಲ್ಲೂ ಇದೇ ಮಾತು: ಕೊಡಲು ತಕರಾರಿಲ್ಲ, ಕಸ ಎತ್ತುತ್ತೀರಾ ಹೇಳಿ.

ಆದರೆ ಎರಡೂ ಕಡೆಯವರ ಬಾಯಿ ಕಟ್ಟಿಸುವ ಸಂಗತಿ ಬೇರೆ ಒಂದಿದೆ, ಅದು ಮತ್ತೆ ವಾಡಾಕ್ಕೇ ಬರುತ್ತದೆ. ಬ್ರಿಟನ್ನಿನಲ್ಲಿ ಟೈರು ಬದಲಿಸುವಾಗ ಅಂಗಡಿಯವನು ಹಳೆಯದರ ವಿಲೇವಾರಿಗೆಂದು ಗಿರಾಕಿಯಿಂದ ಸಣ್ಣ ಮೊತ್ತ ತೆಗೆದುಕೊಳ್ಳುವುದು ರೂಢಿ. ಗಿರಾಕಿ ಕೊಟ್ಟು, ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಾನೆ. 2025ರ ಮಾರ್ಚಿನಲ್ಲಿ ಬಿಬಿಸಿಯ ತನಿಖೆ ಹಾಗೆ ಹೋದ ಟೈರುಗಳ ಜಾಡು ಹಿಡಿಯಿತು. ಟೈರಿನೊಳಗೆ ಅಡಗಿಸಿಟ್ಟ ಟ್ರ್ಯಾಕರುಗಳು ಹಡಗೇರಿ, ಗುಜರಾತಿನ ಮುಂದ್ರಾ ಬಂದರಿನಲ್ಲಿ ಇಳಿದು ಒಳನಾಡಿಗೆ ಬಂದವು. ಮರುಬಳಕೆಗೆಂದು ಕಾಗದದಲ್ಲಿ ಬರೆದಿದ್ದ ಟೈರುಗಳು ಇಲ್ಲಿ ಕುಲುಮೆಗೆ ಹೋಗುತ್ತಿದ್ದವು. ಅದೇ ತನಿಖೆಯ ಪ್ರಕಾರ ವಾಡಾದ ಆ ಘಟಕದಲ್ಲಿ ಬೇಯುತ್ತಿದ್ದದ್ದು ಯುರೋಪಿನಿಂದ ಬಂದ ಟೈರು. ಬೇಯಿಸಲೆಂದು ಆಮದು ಮಾಡುವುದಕ್ಕೆ ನಿಷೇಧವಿದ್ದಾಗಲೇ.

ಶುಲ್ಕ ಕೊಟ್ಟ ಟೈರು, ನಿಯಮವಿದ್ದ ದೇಶ, ಎರಡೂ ಕೂಡಿ ನಾಲ್ಕು ಜೀವ ಉಳಿಸಲಿಲ್ಲ. ಪರವಾದಿಗಳು ಇದಕ್ಕೆ ಉತ್ತರ ಹೇಳಬೇಕು. ಅಷ್ಟೇ ಅಲ್ಲ, ಪ್ರಮಾಣಪತ್ರದ ವ್ಯವಸ್ಥೆಯೇ ಸಾಕು ಎನ್ನುವ ವಿರೋಧಿಗಳೂ ಹೇಳಬೇಕು. 2023ರಲ್ಲಿ ಪ್ಲಾಸ್ಟಿಕ್ಕಿನ ಇಂಥದೇ ವ್ಯವಸ್ಥೆಯಲ್ಲಿ ಗುಜರಾತ್, ಮಹಾರಾಷ್ಟ್ರ, ಕರ್ನಾಟಕಗಳ ಕೆಲವು ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಹುಟ್ಟಿಸಿದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲೇ ಹೊರಬಿತ್ತು. ಕಾಣದಂತೆ ವಸೂಲಾದ ದುಡ್ಡಿನಿಂದ ನಕಲಿ ಕಾಗದ ಕೊಂಡರೆ ಗಿರಾಕಿಗೆ ಗೊತ್ತೇ ಆಗುವುದಿಲ್ಲ. ಬಿಲ್ಲಿನಲ್ಲಿ ಬರೆದು ತೆಗೆದುಕೊಂಡರೆ ಕನಿಷ್ಠ ಕೇಳುವ ಹಕ್ಕಾದರೂ ಇರುತ್ತದೆ. ನನ್ನ ತಕ್ಕಡಿ ಒಂದು ಕೂದಲಿನಷ್ಟು ಶುಲ್ಕದ ಕಡೆಗೆ ವಾಲುವುದು ಈ ಒಂದು ಕಾರಣಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಅದೂ ಹೊಸದಾಗಿ ಹೇರುವ ಶುಲ್ಕವಲ್ಲ. ಈಗ ಟೈರಿನ ಬೆಲೆಯೊಳಗೆ ಅಡಗಿ ಕೂತಿರುವುದನ್ನೇ ಬೇರೆ ಮಾಡಿ, ತೂಕಕ್ಕೆ ತಕ್ಕಂತೆ ಬಿಲ್ಲಿನಲ್ಲಿ ತೋರಿಸಲಿ. ಬೊಕ್ಕಸಕ್ಕೆ ಹೋಗದಿರಲಿ. ಟೈರು ಬೇಯಿಸಿದವನಿಗೋ ಪುಡಿ ಮಾಡಿದವನಿಗೋ ಕೆಲಸ ಮುಗಿದ ಮೇಲೆ, ನೋಡಿ ಪರೀಕ್ಷಿಸಿದ ಮೇಲೆ ಸಿಗಲಿ. ಭಂಗಾರಿನವನಿಗೂ ಅದರಲ್ಲೊಂದು ಪಾಲು ಬೇಕು. ಇಲ್ಲದಿದ್ದರೆ ಅವನು ಹೆಚ್ಚು ಬೆಲೆ ಕೂಗುವ ಹಂಡೆಯವನ ಕಡೆಗೇ ಟೆಂಪೊ ತಿರುಗಿಸುತ್ತಾನೆ, ತಿರುಗಿಸದೆ ಅವನ ಹೊಟ್ಟೆ ತುಂಬುವುದೂ ಇಲ್ಲ.

ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ಮೊನ್ನೆ ಘಾಟ್ಕೋಪರಿನಿಂದ ಮುಲುಂಡಿಗೆ ಆಟೊದಲ್ಲಿ ಬರುವಾಗ ನನ್ನ ಕೂದಲೆಳೆಯ ವಾಲಿಕೆಯೂ ಅಲುಗಾಡಿತು. ನನ್ನ ಫೋನಿನ ಕನ್ನಡ ಕೇಳಿ ಚಾಲಕ ಕನ್ನಡದಲ್ಲೇ ಮಾತಿಗಿಳಿದ. ಇಂಡಿ ತಾಲೂಕಿನವ, ಹದಿನಾಲ್ಕು ವರ್ಷದಿಂದ ಇಲ್ಲಿ ಆಟೊ. ನಾನು ಟೈರಿನ ವಿಷಯ ತೆಗೆದೆ, ಶುಲ್ಕದ ಮಾತನ್ನೂ ಹೇಳಿದೆ.

“ಕಾರಿನವ್ರಿಗೆ ಹಾಕ್ರಿ ಸರ, ಬ್ಯಾಡ ಅನ್ನಂಗಿಲ್ಲ. ನಮ್ಮ ಗಾಡಿ ದಿನಾ ನೂರು ಕಿಲೋಮೀಟರ್ ಓಡ್ತದ. ನಿಮ್ಮ ಟೈರ್ ನಾಕೈದು ವರ್ಷ ಬಂದ್ರ ನಂದು ವರ್ಷ ತುಂಬೂದ್ರಾಗ ಹೋಗ್ತದ. ಅಂದ್ರ ನಿಮಗಿಂತ ನಾನ ಹೆಚ್ಚು ಕೊಡಬೇಕಾ?”

ಬಾಡಿಗೆಗೆ ಸೇರಿಸಿಕೊಳ್ಳಬಹುದಲ್ಲ ಎಂದೆ.

“ಮೀಟರ್ ನನ್ನ ಕೈಯಾಗ ಇಲ್ಲಲ್ರಿ.”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತೂಕದ ಲೆಕ್ಕದಲ್ಲಿ ಆಟೊ ಟೈರಿಗೆ ಶುಲ್ಕ ಕಡಿಮೆ, ನಿಜ. ಆದರೆ ಓಟ ಹೆಚ್ಚಿದ್ದವನು ಪದೇ ಪದೇ ಕಟ್ಟುತ್ತಾನೆ, ಹೊರಗಿನವರ ಸವಾರಿಗೆ ತಾನು ಕಟ್ಟುತ್ತಾನೆ. ಇನ್ನೊಂದು ಅಪಾಯವೂ ಇದೆ, ಶುಲ್ಕದ ಪರ ಬರೆಯುವವರ ಲೇಖನಗಳಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಹೊಸ ಟೈರು ತುಟ್ಟಿಯಾದಷ್ಟೂ ಹಳೆಯದು ರಸ್ತೆಯ ಮೇಲೆ ಹೆಚ್ಚು ದಿನ ಉಳಿಯುತ್ತದೆ. ಕಾರಿನ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಓಡಿಸಬಾರದು ಎಂದು ನಿಯಮವಿದೆ. ಸಮೃದ್ಧಿ ಮಹಾಮಾರ್ಗದಲ್ಲಿ ಟೈರು ಸಿಡಿದು ಅಪಘಾತಗಳಾದ ಮೇಲೆ 2023ರಲ್ಲಿ ಆರ್‌ಟಿಒದವರು ಬೋಳು ಟೈರಿನ ಗಾಡಿಗಳನ್ನು ದಾರಿಯಲ್ಲೇ ತಡೆದು ವಾಪಸು ಕಳಿಸತೊಡಗಿದರು. ಎಲ್‌ಬಿಎಸ್ ಮಾರ್ಗದಲ್ಲಿ ಅಳೆಯುವವರು ಯಾರು? ಇಲ್ಲಿ ಬೋಳಾದ ಟೈರಿಗೆ ಕಾದ ಬ್ಲೇಡಿನಿಂದ ಹೊಸ ಗೀರು ಕೊರೆದು, ಕಪ್ಪು ಬಳಿದು ಮಾರುವವರಿದ್ದಾರೆ. ನೋಡಲು ಹೊಸದರಂತೆಯೇ ಇರುತ್ತದೆ. ಗೀರಿನ ಕೆಳಗೆ ಉಳಿದ ರಬ್ಬರು ಎಷ್ಟೆಂದು ಕೊಂಡವನಿಗೆ ಕಾಣುವುದಿಲ್ಲ.

ಮುಲುಂಡ್ ಚೆಕ್‌ನಾಕಾದ ಹತ್ತಿರ ಇಳಿದು ದುಡ್ಡು ಕೊಡುವಾಗ ಅವನ ಹಿಂದಿನ ಗಾಲಿಯ ಕಡೆ ಕಣ್ಣು ಹೋಯಿತು. ಗೀರುಗಳು ತೀರ ನೇರ, ತೀರ ಚೂಪು. ಅಂಚಿನಲ್ಲಿ ಒಂದು ಕಡೆ ಬ್ಲೇಡು ಜಾರಿ ಒಳಗಿನ ದಾರ ನವಿರಾಗಿ ಇಣುಕುತ್ತಿತ್ತು. ನಾನು ನೋಡುತ್ತಿರುವುದನ್ನು ಅವನೂ ನೋಡಿದ.

“ಗಣಪತಿ ಮುಗಿಯೂತನಕ ಓಡಲಿ ಬಿಡ್ರಿ,” ಎಂದು ಮೀಟರ್ ತಿರುಗಿಸಿ ಹೊರಟ.